ಕೀಮೊ ಸಾಕೇ, ವಿಕಿರಣವೂ ಬೇಕೇ?

ಪ್ರಶ್ನೆ: ನನ್ನ 24 ವರ್ಷದ ಮಗಳಿಗೆ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಎರಡನೇ ಹಂತ ಎಂದು ಗೊತ್ತಾಗಿದೆ. ಕತ್ತಿನಲ್ಲೂ ಎದೆಯ ನಡುವೆಯೂ ಗಂಟುಗಳಿವೆ. ಒಬ್ಬ ವೈದ್ಯರು ಎರಡು ಸೈಕಲ್ (ಸುತ್ತು) ಎಬಿವಿಡಿ ಎಂಬ ನಾಲ್ಕು ಔಷಧಗಳ ಕೀಮೊ ಕೊಟ್ಟು ವಿಕಿರಣ ಕೊಡಬೇಕೆನ್ನುತ್ತಾರೆ. ಇನ್ನೊಬ್ಬರು ಪೆಟ್ ಸ್ಕ್ಯಾನ್ ಚೆನ್ನಾಗಿ ಬಂದರೆ ವಿಕಿರಣ ಬಿಟ್ಟು ಕೀಮೊವನ್ನೇ ಮುಂದುವರಿಸೋಣ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಯೋಜನೆಗಳಲ್ಲಿ ಮೊದಲ ಎರಡು ಸೈಕಲ್ ಒಂದೇ ಆಗಿರುವುದರಿಂದ, ಈ ಗೊಂದಲಕ್ಕಾಗಿ ಚಿಕಿತ್ಸೆ ಆರಂಭಿಸುವುದನ್ನು ತಡಮಾಡಬೇಡಿ.

ಇಬ್ಬರ ಮಾತಿಗೂ ಆಧಾರವಿದೆ. ಅಪಾಯದ ಲಕ್ಷಣಗಳಿಲ್ಲದ ಆರಂಭಿಕ ಹಂತದಲ್ಲಿ ಎರಡು ಸೈಕಲ್ ಎಬಿವಿಡಿ ಮತ್ತು 20 ಗ್ರೇ (ವಿಕಿರಣ ಪ್ರಮಾಣದ ಅಳತೆ) ವಿಕಿರಣ ಸಾಕೆಂದು ಜರ್ಮನಿಯ ಎಚ್‌ಡಿ10 ಅಧ್ಯಯನ 2010ರಲ್ಲಿ ತೋರಿಸಿತು. ಅದೇ ತಂಡ 2019ರಲ್ಲಿ ಪ್ರಕಟಿಸಿದ ಎಚ್‌ಡಿ16ರಲ್ಲಿ, ಎರಡು ಸೈಕಲ್‌ಗಳ ಬಳಿಕ ಪೆಟ್ ನೆಗೆಟಿವ್ ಬಂದವರ (ಸ್ಕ್ಯಾನ್‌ನಲ್ಲಿ ಸಕ್ರಿಯ ರೋಗ ಕಾಣದವರ) ಪೈಕಿ ಐದು ವರ್ಷ ರೋಗ ಮರುಕಳಿಸದೆ ಉಳಿದವರು ವಿಕಿರಣ ಪಡೆದ ಗುಂಪಿನಲ್ಲಿ ಶೇ 93.4, ಪಡೆಯದ ಗುಂಪಿನಲ್ಲಿ ಶೇ 86.1, ಆದರೂ ಬದುಕುಳಿದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಮರುಕಳಿಸಿದ ರೋಗವನ್ನು ಹೆಚ್ಚಿನ ಪ್ರಮಾಣದ ಕೀಮೊ ಮತ್ತು ರೋಗಿಯದೇ ಕಾಂಡಕೋಶಗಳ ಕಸಿಯಿಂದ ಹಲವರಲ್ಲಿ ಗುಣಪಡಿಸಬಹುದು, ಆದರೆ ಅದು ದೇಹವನ್ನು ಹಣ್ಣುಮಾಡುವ ಚಿಕಿತ್ಸೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಮುಂದಿನ ದಶಕಗಳು. ಹರೆಯದಲ್ಲಿ ಎದೆಗೆ ವಿಕಿರಣ ಪಡೆದ ಮಹಿಳೆಯರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರ ಸ್ತನ ಕ್ಯಾನ್ಸರ್ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚುತ್ತದೆ. ಇಂದಿನ ಕಡಿಮೆ ಪ್ರಮಾಣ ಮತ್ತು ಕಿರಿದಾದ ಕ್ಷೇತ್ರಗಳಿಂದ ಈ ಅಪಾಯ ತಗ್ಗಿದೆ, ಇಲ್ಲವಾಗಿಲ್ಲ. ಗಂಟು ಕತ್ತಿನಲ್ಲಷ್ಟೇ ಇದ್ದಿದ್ದರೆ ವಿಕಿರಣಕ್ಕೆ ನಾನು ಅಷ್ಟು ಹಿಂಜರಿಯುತ್ತಿರಲಿಲ್ಲ. ನಿಮ್ಮ ಮಗಳ ವಯಸ್ಸನ್ನೂ ಎದೆಯ ಗಂಟನ್ನೂ ನೋಡಿದರೆ, ಪೆಟ್ ನೆಗೆಟಿವ್ ಬಂದಲ್ಲಿ ನನ್ನ ಒಲವು ಎರಡನೇ ವೈದ್ಯರ ಕಡೆಗೆ. ಪಾಸಿಟಿವ್ ಬಂದರೆ ಲೆಕ್ಕವೇ ಬೇರೆ. ಆಗ ಕೀಮೊವನ್ನು ತೀವ್ರಗೊಳಿಸಿ ವಿಕಿರಣವನ್ನೂ ಸೇರಿಸುವುದು ರೂಢಿ.

ಹಾಗೆಂದು ಹೆಚ್ಚುವರಿ ಕೀಮೊ ಪುಕ್ಕಟೆಯೇನಲ್ಲ. ಎಬಿವಿಡಿಯಲ್ಲಿರುವ ಡಾಕ್ಸೊರುಬಿಸಿನ್ ಹೃದಯದ ಮೇಲೆ, ಬ್ಲಿಯೊಮೈಸಿನ್ ಶ್ವಾಸಕೋಶದ ಮೇಲೆ ಪರಿಣಾಮ ಬೀರಬಹುದು. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೋದ ದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಆದರೆ ಒಣಕೆಮ್ಮು ಅಥವಾ ಏದುಸಿರು ಶುರುವಾದರೆ ಮುಂದಿನ ಡೋಸ್‌ವರೆಗೆ ಕಾಯದೆ ತಿಳಿಸಬೇಕು.

ಎದೆಯ ಗಂಟಿನ ಗಾತ್ರ, ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ), ರೋಗವಿರುವ ಗ್ರಂಥಿ ಪ್ರದೇಶಗಳ ಸಂಖ್ಯೆ, ಇವನ್ನು ನೋಡಿದಾಗ ಮಗಳ ಕಾಯಿಲೆ ಅಪಾಯದ ಲಕ್ಷಣಗಳಿಲ್ಲದ ಗುಂಪಿಗೆ ಸೇರುತ್ತದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿ; ಸೇರದಿದ್ದರೆ ಮೇಲಿನ ಅಂಕಿಗಳು ಆಕೆಗೆ ಅನ್ವಯಿಸುವುದಿಲ್ಲ.