ಕಾಸರಗೋಡಿನಲ್ಲಿ ಪಿಜ್ಜನ ಹೆಸರು ಹುಡುಕುವವರಿಗೆ

ನಿಮ್ಮ ಅಜ್ಜ ಕುಂಬಳೆ ಕಡೆಯಿಂದ ಮುಂಬೈಗೆ ಹೋದವರು. ಅವರ ಅಪ್ಪ (ಅಂದರೆ ನಿಮ್ಮ ಪಿಜ್ಜ), ಅಮ್ಮ ಯಾರು ಅಂತ ಹಳೆ ಜನಗಣತಿಯಲ್ಲಿ ನೋಡಬಹುದಾ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಹೆಸರು ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 100 ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಗಣತಿಯ ಹಾಳೆಗಳನ್ನು ಹೆಸರು ಸಮೇತ ಜನರಿಗೆ ತೋರಿಸುತ್ತಾರೆ. ನಮ್ಮಲ್ಲಿ ಲೆಕ್ಕ ಕೂಡಿಸಿ ಮುಗಿದ ಮೇಲೆ ಮನೆಮನೆಯ ಚೀಟಿಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿದಾರರು ಬರೆದುಕೊಂಡದ್ದನ್ನು ಹೊರಗಿನವರು ನೋಡುವ ಹಾಗೂ ಇಲ್ಲ. ಉಳಿದಿರುವುದು ಬರೀ ಮೊತ್ತಗಳು. ಊರಲ್ಲಿ ಎಷ್ಟು ಜನ, ತಾಲೂಕಿನಲ್ಲಿ ಯಾವ ಭಾಷೆಯವರು ಎಷ್ಟು, ಇಷ್ಟೇ.

ಆ ಮೊತ್ತ ಹುಡುಕುವಾಗಲೂ ಯಾವ ಪುಸ್ತಕ ತೆಗೆಯಬೇಕು ಅನ್ನುವುದು ಗೊತ್ತಿರಬೇಕು. 1951ರ ತನಕ ಕಾಸರಗೋಡು ಮದ್ರಾಸಿನ ಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಿಗುತ್ತದೆ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಹಾಗಾಗಿ 1961, 1971, 1981ರಲ್ಲಿ ಕಣ್ಣೂರು ಜಿಲ್ಲೆಯಲ್ಲಿ ನೋಡಬೇಕು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ, ಗಣತಿಯಲ್ಲಿ ಅದು ಬರುವುದು 1991ರಿಂದ. ಇನ್ನೊಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. 1951ರ ಕಾಸರಗೋಡು ತಾಲೂಕು ದಕ್ಷಿಣಕ್ಕೆ ನೀಲೇಶ್ವರ, ತೃಕ್ಕರಿಪುರದ ತನಕ ಇತ್ತು. ಆಮೇಲೆ ಹೊಸದುರ್ಗ ತಾಲೂಕು ಬೇರೆಯಾಯಿತು. 1951ರ ಮತ್ತು 1961ರ ಪುಸ್ತಕಗಳಲ್ಲಿ ತಾಲೂಕಿನ ಹೆಸರು ಒಂದೇ, ನೆಲ ಬೇರೆ. ಚಂದ್ರಗಿರಿ ಹೊಳೆಯ ಆಚೆ ಈಚೆ ಎಷ್ಟು ಜನ ಯಾವ ಭಾಷೆಯವರು ಅಂತ ಇವತ್ತಿಗೂ ಜಗಳ ಆಗುತ್ತದಲ್ಲ, ಈ ಎರಡು ಲೆಕ್ಕಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಮಾತಾಡಿದರೆ ಅದು ಬಗೆಹರಿಯುವುದಿಲ್ಲ.

ಭಾಷೆಯ ಕಾಲಂ ಕೂಡ ಹಾಗೆಯೇ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಅನ್ನುವ ಮನೆಗಳು ಜಾಸ್ತಿ. ಗಣತಿಗೆ ಬಂದವರು ಕೇಳಿದರೆ ಒಬ್ಬರು ತುಳು ಅಂತಾರೆ, ಅವರ ತಮ್ಮ ಕನ್ನಡ ಅಂತಾರೆ. ಇಬ್ಬರು ಹೇಳಿದ್ದೂ ನಿಜವೇ. ಜಾತಿಯ ಹೆಸರಿಗೂ ಇದೇ ಕಥೆ. ಎಲ್ಲ ಜಾತಿಗಳ ಅಂಕಿ ದೇಶದ ಗಣತಿಯಲ್ಲಿ ಪೂರ್ತಿಯಾಗಿ ಈ ತನಕ ಕೊನೆಯ ಸಲ ಪ್ರಕಟವಾದದ್ದು 1931ರಲ್ಲಿ. ಆ ಹಳೆ ಪಟ್ಟಿಯ ಹೆಸರು, ಇವತ್ತಿನ ಸರ್ಟಿಫಿಕೇಟಿನ ಹೆಸರು, ಮನೆಯವರು ಬಾಯಲ್ಲಿ ಹೇಳುವ ಹೆಸರು ಮೂರೂ ಒಂದೇ ಆಗಿರಬೇಕಿಲ್ಲ.

ಇನ್ನು ಮನುಷ್ಯರ ಹೆಸರಿಗೆ ಬರುತ್ತೇನೆ. ಇಲ್ಲಿ ಹಿಂದೆ ಹುಟ್ಟಿದ ವಾರ ನೋಡಿ ಹೆಸರಿಡುವ ಕ್ರಮ ಇತ್ತು. ಆದಿತ್ಯವಾರ ಹುಟ್ಟಿದರೆ ಐತ, ಮಂಗಳವಾರಕ್ಕೆ ಅಂಗಾರ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಒಂದೇ ಗ್ರಾಮದಲ್ಲಿ ಎಷ್ಟೋ ತುಕ್ರರು ಇರುತ್ತಿದ್ದರು. ಹಾಗಾಗಿ ಬರೀ ಹೆಸರು ಹಿಡಿದು ಹೊರಟರೆ ಯಾರನ್ನೋ ನಿಮ್ಮ ಪಿಜ್ಜ ಅಂತ ಮಾಡಿಕೊಳ್ಳುತ್ತೀರಿ. ಒಬ್ಬ ಐತಪ್ಪ ಇದ್ದರು ಅಂತ ಇಟ್ಟುಕೊಳ್ಳಿ. ಗೇಣಿಚೀಟಿಯಲ್ಲಿ ಬರೀ ಐತ, ಶಾಲೆಯ ದಾಖಲೆಯಲ್ಲಿ ಐತ್ತಪ್ಪ, ಮಲಯಾಳದ ರೇಷನ್ ಕಾರ್ಡಿನಲ್ಲಿ ಮನೆಯ ಹೆಸರಿನ ಇನಿಶಿಯಲ್ ಸೇರಿಸಿ ಇನ್ನೊಂದು ರೂಪ. ಅವರ ತಮ್ಮ ಮುಂಬೈಗೆ ಹೋದರೆ ಅಲ್ಲಿ ಸರ್‌ನೇಮ್ ಬೇಕೇ ಬೇಕು. ಒಬ್ಬರು ಪೂಜಾರಿ ಅಂತ ಬರೆಸಿದರು, ಇನ್ನೊಬ್ಬರು ಬರಿಯ (ಗೋತ್ರದ ಹಾಗಿರುವ ಕುಲದ) ಹೆಸರು ಹಿಡಿದು ಸುವರ್ಣ, ಕೋಟ್ಯಾನ್, ಸಾಲಿಯಾನ್ ಅಂತ ಬರೆಸಿದರು. ಬರಿ ಬರುವುದು ತಾಯಿಯಿಂದ. ಮುಂಬೈಯಲ್ಲಿ ಮಕ್ಕಳಿಗೆ ಅಪ್ಪನ ಸರ್‌ನೇಮ್ ಬಂತು. ಹಾಗಾಗಿ ನಿಮ್ಮ ಹೆಸರಿನ ಹಿಂದೆ ಇರುವ ಬರಿ ನಿಮ್ಮದೇ ಅಲ್ಲದಿರಬಹುದು. ಅಜ್ಜಿಯ ಬರಿ ಯಾವುದು ಅಂತ ಮನೆಯ ಹಿರಿಯರಲ್ಲಿ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹೊರಗಿನವರು ಜಾಸ್ತಿ ಎಡವುವುದು ಅಳಿಯಸಂತಾನದಲ್ಲಿ. ಬಂಟರು, ಬಿಲ್ಲವರು ಮುಂತಾದವರಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ಹಳೆ ಜಮೀನು ದಾಖಲೆಯಲ್ಲಿ ಒಬ್ಬರ ಹೆಸರಿನ ನಂತರ ಇನ್ನೊಬ್ಬರ ಹೆಸರು ಕಂಡರೆ ಅದು ಮಗ ಅಂತ ಬರೆದುಕೊಳ್ಳಬೇಡಿ. ಅಪ್ಪನ ಹೆಸರು ಆ ಕಾಗದದಲ್ಲಿ ಇಲ್ಲದೇ ಇರಬಹುದು, ಅವರು ಬೇರೆ ಮನೆಯವರು. ಇದರಿಂದ ಒಂದು ಲಾಭವೂ ಇದೆ, ನನಗೆ ತುಂಬ ಇಷ್ಟವಾದ ಲಾಭ. ಬೇರೆ ಕಡೆ ಹಳೆ ಕಾಗದಗಳಲ್ಲಿ ಹೆಂಗಸರ ಹೆಸರು ಸಿಗುವುದೇ ಕಷ್ಟ, ಅಲ್ವಾ? ಇಲ್ಲಿ ಸಿಗುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕುಟುಂಬಗಳು ಕವರು ಕವರಾಗಿ ಪಾಲಾದವು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಆ ಕಾಲದ ರಿಜಿಸ್ಟರ್ ಆದ ಪಾಲುಪಟ್ಟಿಯಲ್ಲಿ ಅಜ್ಜಿಯಿಂದ ಹಿಡಿದು ಎಳೆ ಮಗುವಿನ ತನಕ ಹೆಸರು, ವಯಸ್ಸು, ಸಂಬಂಧ ಬರೆದಿರುತ್ತಾರೆ. ಒಂದು ಪಾಲುಪಟ್ಟಿ ಸಿಕ್ಕಿದರೆ ಮೂರ್ನಾಲ್ಕು ತಲೆಮಾರು ಒಟ್ಟಿಗೆ ಸಿಕ್ಕಿದ ಹಾಗೆ. ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ. ಆಗ ಅಂದಾಜಿಗೆ 40, 45, 50 ಅಂತ ಹೇಳುತ್ತಿದ್ದರು.

ಇದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಬೇಕು. ಅದಕ್ಕೆ ಸರ್ವೆ ನಂಬ್ರ ಬೇಕು. ರೀಸರ್ವೆ ಆದ ಗ್ರಾಮಗಳಲ್ಲಿ ಹಳೆ ನಂಬ್ರ, ಹೊಸ ನಂಬ್ರ ಬೇರೆ ಬೇರೆ. ಎರಡನ್ನೂ ತಾಳೆ ನೋಡಿಸಿಕೊಳ್ಳದೆ ಮುಂದೆ ಹೋಗಬೇಡಿ. ನಿಮ್ಮವರು ಗೇಣಿ ಒಕ್ಕಲು ಆಗಿದ್ದರೆ ಜಮೀನು ಅವರ ಹೆಸರಿನಲ್ಲಿ ಇರುವುದಿಲ್ಲ, ಧಣಿಗಳ ಹೆಸರಿನಲ್ಲಿ ಇರುತ್ತದೆ. ಆಗ ಕೇರಳದ ಭೂಸುಧಾರಣೆಯ ಕಾಲದ ಲ್ಯಾಂಡ್ ಟ್ರಿಬ್ಯೂನಲ್ ಕಡತ ಕೇಳಿ. 1970ರ ನಂತರ ಒಕ್ಕಲುಗಳಿಗೆ ಪಟ್ಟೆ (ಜಮೀನಿನ ಹಕ್ಕುಪತ್ರ) ಕೊಡುವಾಗ ಯಾರು ಎಷ್ಟು ಕಾಲದಿಂದ ಸಾಗುವಳಿ ಮಾಡುತ್ತಿದ್ದರು ಅಂತ ವಿಚಾರಣೆ ಮಾಡಿದ್ದರು. ಚಾಲಗೇಣಿಯ (ಕಾಯಂ ಅಲ್ಲದ ಗೇಣಿಯ) ಹಳೆ ಚೀಟಿಗಳು ಅದರ ಒಳಗೆ ಇರುವುದುಂಟು.

ಓದುವುದು ಮತ್ತೊಂದು ಕಷ್ಟ. ಮದ್ರಾಸ್ ಕಾಲದಲ್ಲಿ ಶಾನುಭಾಗರು ಬರೆದದ್ದು ಕನ್ನಡದಲ್ಲಿ, ಅದೂ ಕೂಡಿಸಿ ಬರೆಯುವ ಮೋಡಿ ಅಕ್ಷರದಲ್ಲಿ. ಈಗಿನ ವಿಲೇಜ್ ಆಫೀಸಿನಲ್ಲಿ ಕೆಲಸ ಮಲಯಾಳದಲ್ಲಿ. ಹಳೆ ಕನ್ನಡ ಕಾಗದ ಹಿಡಿದು ಹೋದರೆ ಎದುರಿಗಿರುವವರಿಗೆ ಅದು ಓದಲು ಬರುವುದಿಲ್ಲ. ಹೊಸ ಮಲಯಾಳ ಕಾಗದ ಕೊಟ್ಟರೆ ನಿಮಗೆ ಬರುವುದಿಲ್ಲ. ನಮ್ಮೂರಲ್ಲೇ ಮಲಯಾಳ ಮೀಡಿಯಂನಲ್ಲಿ ಕಲಿತ ಮಕ್ಕಳಿಗೆ ಸ್ವಂತ ಮನೆಯ ಆಧಾರಪತ್ರ ಓದಲಾಗುವುದಿಲ್ಲ. ಇದು ನನಗೆ ತುಂಬ ಬೇಜಾರಿನ ವಿಷಯ. ಮೋಡಿ ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಕಾಗದ ಇದ್ದರೆ ಫೋಟೊ ತೆಗೆದು ಇಡಿ, ಓದಿಸುವ ಕೆಲಸ ಮುಂದೆ ಹಾಕಬೇಡಿ.

ಕಾಗದ ಏನೂ ಸಿಗದಿದ್ದರೂ ಇಲ್ಲಿ ಕುಟುಂಬದ ಲೆಕ್ಕ ಬೇರೆ ಕಡೆ ಉಳಿದಿರುತ್ತದೆ. ಯಾವ ಯಾವ ಮನೆಯವರು ಒಬ್ಬರಿಗೊಬ್ಬರು ಸೂತಕ ಆಚರಿಸುತ್ತಾರೆ ಅಂತ ಕೇಳಿ. ಸಂಬಂಧ ಹೇಗೆ ಅಂತ ಬಿಡಿಸಿ ಹೇಳಲು ಬಾರದವರಿಗೂ ಸೂತಕದ ಮನೆಗಳು ಯಾವುವು ಅಂತ ಗೊತ್ತಿರುತ್ತದೆ. ಆಮೇಲೆ ತರವಾಡು ಮನೆ (ಕುಟುಂಬದ ಮೂಲಮನೆ) ಎಲ್ಲಿ, ಅಲ್ಲಿಯ ದೈವ ಯಾವುದು, ಮೂಲನಾಗನ ಬನ ಯಾರ ಜಾಗದಲ್ಲಿದೆ ಅಂತ ಕೇಳಿ. ನಾಗರ ಪಂಚಮಿಗೆ ಮುಂಬೈ, ಬೆಂಗಳೂರಿನಿಂದ ಬಂದು ಆ ಬನಕ್ಕೆ ತನು (ಹಾಲು, ಎಳನೀರು) ಹಾಕುವವರೆಲ್ಲ ಬಹುಮಟ್ಟಿಗೆ ಒಂದೇ ಬುಡದವರು. ಹೆಸರು, ಜಿಲ್ಲೆ, ರಾಜ್ಯ ಎಲ್ಲ ಬದಲಾದ ಮನೆಗಳಲ್ಲಿ ಕೂಡ ನಾಗನ ಜಾಗ ಬದಲಾಗಿಲ್ಲ. ಅದಕ್ಕೇ ನಾನು ಯಾರಿಗಾದರೂ ಹೇಳುವುದು, ಮೊದಲು ಜಾಗ ಹುಡುಕಿ, ಆಮೇಲೆ ಹೆಸರು.

ಬರುವುದಾದರೆ ದೀಪಾವಳಿ ಕಳೆದ ಮೇಲೆ, ಮೇ ಕೊನೆಯ ಪತ್ತನಾಜೆಯ ಒಳಗೆ ಬನ್ನಿ. ದೈವಗಳ ನೇಮ, ಕೋಲ ನಡೆಯುವುದು ಆ ತಿಂಗಳುಗಳಲ್ಲಿ, ಕುಟುಂಬದವರು ತರವಾಡಿಗೆ ಸೇರುವುದೂ ಆಗಲೇ. ಬರುವಾಗ ಅಜ್ಜನ ಶಾಲೆಯ ಸರ್ಟಿಫಿಕೇಟ್ ಅಥವಾ ಹಳೆ ರೇಷನ್ ಕಾರ್ಡಿನ ಪ್ರತಿ, ಅಜ್ಜನ ತಾಯಿಯ ಹೆಸರು, ಗೊತ್ತಿದ್ದರೆ ಮನೆಯ ಹೆಸರು, ಇಷ್ಟು ತನ್ನಿ. ಗ್ರಾಮದ ಹೆಸರು ಗೊತ್ತಾದ ಕೂಡಲೇ ನನಗೆ ತಿಳಿಸಿ. ಅದು ಈಗ ಯಾವ ವಿಲೇಜ್ ಆಫೀಸಿಗೆ ಬರುತ್ತದೆ ಅಂತ ವಿಚಾರಿಸಿ ಇಡುತ್ತೇನೆ.