ಜೀನ್ಸ್ ಚೆಕಿಂಗ್‌ನಲ್ಲಿರೋರು ಸಿಕ್ಯುಐಎ ಬರೀಬಹುದಾ?

ಡಿಪ್ಲೊಮಾ ಮುಗಿಸಿ ಬಳ್ಳಾರಿಯ ಜೀನ್ಸ್ ಯೂನಿಟ್‌ನಲ್ಲಿ ಮೂರು ವರ್ಷದಿಂದ ಚೆಕಿಂಗ್ ಮಾಡ್ತಿದ್ದೀನಿ, ಸಿಕ್ಯುಐಎಗೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಸಿಕ್ಯುಐಎ ಅಂದ್ರೆ ಸರ್ಟಿಫೈಡ್ ಕ್ವಾಲಿಟಿ ಇಂಪ್ರೂವ್‌ಮೆಂಟ್ ಅಸೋಸಿಯೇಟ್, ಗುಣಮಟ್ಟ ಸುಧಾರಣೆಯ ಪ್ರಮಾಣಪತ್ರ ಪರೀಕ್ಷೆ. ಧಾರಾಳ ಬರೀರಿ. ಇದನ್ನು ನಡೆಸೋ ಅಮೆರಿಕದ ಗುಣಮಟ್ಟ ಸಂಸ್ಥೆ ಎಎಸ್‌ಕ್ಯು ಇದಕ್ಕೆ ಕೇಳೋದು ಎರಡು ವರ್ಷದ ಕೆಲಸ, ಇಲ್ಲವೇ ಎರಡು ವರ್ಷದ ಉನ್ನತ ಶಿಕ್ಷಣ. ಬಹು ಆಯ್ಕೆಯ 110 ಪ್ರಶ್ನೆ, ಅಂಕ 100ಕ್ಕೆ ಮಾತ್ರ. ಆ ಉಳಿದ 10 ಯಾವುವು ಅಂತ ತಿಳಿಯಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ.

ಮೊದಲು ಏಳು ಗುಣಮಟ್ಟ ಸಾಧನಗಳನ್ನು (ಚೆಕ್‌ಶೀಟ್, ಪ್ಯಾರೆಟೊ, ಕಂಟ್ರೋಲ್ ಚಾರ್ಟ್ ಮುಂತಾದವು) ಹಿಡೀರಿ, ಅದೂ ನಿಮ್ಮ ಟೇಬಲ್ ಮೇಲೇ. ರಿಜೆಕ್ಟ್ ಪೀಸುಗಳನ್ನು ಚೆಕ್‌ಶೀಟಿಗೆ ಹಾಕಿ: ಹೊಲಿಗೆ ಬಿಟ್ಟಿದ್ದು, ವಾಷಿಂಗ್‌ನಲ್ಲಿ ಶೇಡ್ ಬದಲಾಗಿದ್ದು, ಝಿಪ್ ಕೆಟ್ಟಿದ್ದು. 200 ದೋಷಗಳಲ್ಲಿ ಹೊಲಿಗೆ 90, ಶೇಡ್ 60 ಅಂದ್ಕೊಳ್ಳಿ. ಎರಡೇ ಸೇರಿ ಶೇ 75. ಇಳಿಕೆ ಕ್ರಮದಲ್ಲಿ ಕಂಬ ಎಳೆದು, ಮೇಲೆ ಒಟ್ಟು ಶೇಕಡಾವಾರು ಗೆರೆ ಹಾಕಿದರೆ ಅದೇ ಪ್ಯಾರೆಟೊ ಚಾರ್ಟ್.

ಬಹಳ ಮಂದಿ ಮುಗ್ಗರಿಸೋದು ಕಂಟ್ರೋಲ್ ಚಾರ್ಟ್‌ನಲ್ಲಿ, ಅಂದ್ರೆ ಅಳತೆಗಳನ್ನು ಸಾಲಾಗಿ ಚುಕ್ಕಿ ಇಟ್ಟು ಮಿತಿಗೆರೆ ಹಾಕೋ ನಕ್ಷೆಯಲ್ಲಿ. ಸೊಂಟದಳತೆಗೆ ಪಾರ್ಟಿ ಕೊಟ್ಟ ಟಾಲರೆನ್ಸನ್ನೇ (ಎಷ್ಟು ಹೆಚ್ಚುಕಡಿಮೆ ಒಪ್ತಾರೆ ಅನ್ನೋದು) ಕಂಟ್ರೋಲ್ ಮಿತಿ ಅಂದ್ಕೊಳ್ತಾರೆ. ಟಾಲರೆನ್ಸ್ ಗ್ರಾಹಕರದ್ದು, ಕಂಟ್ರೋಲ್ ಮಿತಿ ನಿಮ್ಮದೇ ಅಳತೆಗಳಿಂದ ಲೆಕ್ಕ ಹಾಕಿದ್ದು. ಎಲ್ಲ ಚುಕ್ಕಿ ಕಂಟ್ರೋಲ್ ಮಿತಿಯೊಳಗಿದ್ದರೂ, ಟಾಲರೆನ್ಸ್ ಮೀರಿ ಮಾಲು ರಿಜೆಕ್ಟ್ ಆಗಬಹುದು. ಸೊಂಟ ಅಳೆದರೆ ಎಕ್ಸ್-ಬಾರ್ (ಸರಾಸರಿ), ಆರ್ (ಗರಿಷ್ಠ-ಕನಿಷ್ಠ ಅಂತರ) ಚಾರ್ಟ್. ದೋಷದ ಪೀಸು ಎಣಿಸಿದರೆ ಪಿ (ದೋಷದ ಪೀಸುಗಳ ಪ್ರಮಾಣ) ಚಾರ್ಟ್. ತಂಡ ಬೆಳೆಯೋ ಹಂತಗಳು, ಪಿಡಿಸಿಎ (ಯೋಜಿಸು, ಮಾಡು, ಪರೀಕ್ಷಿಸು, ಸರಿಪಡಿಸು) ಇವೆಲ್ಲ ಸುಲಭ, ಕೊನೆಗಿಟ್ಟುಕೊಳ್ಳಿ.