ಸಿಸ್ಟಮ್ ಮಾಹಿತಿ ಟೂಲ್‌ನಲ್ಲಿ ರೈಜನ್ 5 3600 ಪ್ರೊಸೆಸರ್‌ನ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 192 ಎಂಬಿ ಅಂತ ಬರ್ತಿದೆ. ಥ್ರೆಡ್ ಸಂಖ್ಯೆಯಿಂದ ಭಾಗಿಸಿದರೆ ಸಾಕಾ, ಅಥವಾ ಮಾಡೆಲ್ ಪಟ್ಟಿ ಇಟ್ಕೊಳ್ಳಬೇಕಾ?

ಭಾಗಿಸಬೇಡಿ. ನಾನು ಭಾಗಿಸಿಯೇ ಕೆಟ್ಟೆ.

ದಾವಣಗೆರೆಯ ಒಂದು ಲ್ಯಾಬಿನ ಮಷಿನ್‌ಗಳ ಪಟ್ಟಿಗೆ ಲಿನಕ್ಸ್‌ನಲ್ಲಿ ಇಂಥದ್ದೇ ಟೂಲ್ ಬರೆದಿದ್ದೆ. ಪ್ರತಿ ಸಿಪಿಯುವಿನ ಕ್ಯಾಶ್ ಫೋಲ್ಡರ್‌ಗೆ ಹೋಗಿ, ಸೈಜ್ ಓದಿ, ಕೂಡಿಸೋ ಲೂಪ್. 3600ರಲ್ಲಿ 12 ಥ್ರೆಡ್, ಒಂದೊಂದೂ 16 ಎಂಬಿ ಅಂದಿತು, ಒಟ್ಟು 192. ಹನ್ನೆರಡರಿಂದ ಭಾಗಿಸಿದೆ, 16 ಬಂತು. ಡಬ್ಬದ ಮೇಲೆ 32 ಅಂತಿದೆ. ಸರಿ, ರೈಜನ್ ತಯಾರಿಸೋ ಎಎಂಡಿಯ ಚಿಪ್ ಆದ್ರೆ ಎರಡರಿಂದ ಗುಣಿಸು ಅಂತ ಒಂದು ಸಾಲು ತುರುಕಿದೆ. 32 ಬಂತು, ಬೀಗಿದೆ. ಪಕ್ಕದ ಮಷಿನ್ ರೈಜನ್ 5 5600. ಅದು 64 ಅಂದಿತು! ಅದರಲ್ಲಿರೋದು 32 ಎಂಬಿಯ ಒಂದೇ ತುಂಡು. ನೋಡೋ ಹೊತ್ತಿಗೆ ಪಟ್ಟಿ ಸ್ಟಾಕ್ ರಿಜಿಸ್ಟರ್‌ಗೆ ಏರಿತ್ತು, ಕೆಂಪು ಶಾಯಿಯಲ್ಲಿ ಒಂದೊಂದೇ ಸಾಲು ತಿದ್ದಿದೆ.

ನಮ್ಮೂರ ಬೆಣ್ಣೆ ದೋಸೆ ಹೋಟೆಲ್‌ನ ಅಡಿಗೆಮನೆ ಅಂದ್ಕೊಳ್ಳಿ. ಎರಡು ಒಲೆ, ಒಲೆಗೆ ಮೂವರು, ಆ ಮೂವರಿಗೂ ಸೇರಿ ಒಂದೇ ಬೆಣ್ಣೆ ಡಬ್ಬಿ. ಹನ್ನೆರಡು ಕೈಗೂ 'ಬೆಣ್ಣೆ ಎಷ್ಟಿದೆ' ಅಂತ ಕೇಳಿದ್ರೆ ಎಲ್ಲವೂ ಆ ಎರಡು ಡಬ್ಬಿಗಳಲ್ಲಿ ಒಂದನ್ನೇ ತೋರಿಸ್ತವೆ. ಜನ ಅಂದ್ರೆ ಕೋರ್, ಕೈ ಅಂದ್ರೆ ಥ್ರೆಡ್, ಡಬ್ಬಿ ಅಂದ್ರೆ ಎಲ್3. ನಾನು ಕೈ ಎಣಿಸಿದ್ದೆ. 5600ರಲ್ಲಿ ಆರು ಜನಕ್ಕೂ ಒಂದೇ ದೊಡ್ಡ ಡಬ್ಬಿ, ಹಾಗಾಗಿ ಎರಡರ ಗುಣಾಕಾರ ಅಲ್ಲಿ ಮುಗ್ಗರಿಸಿತು.

ಡಬ್ಬಿ ಯಾವುದು ಅಂತ ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಹೇಳುತ್ತೆ. ಕ್ಯಾಶ್ ಫೋಲ್ಡರ್ ಒಳಗಿನ ಪ್ರತಿ ಇಂಡೆಕ್ಸ್ ಫೋಲ್ಡರ್‌ನಲ್ಲಿ ಲೆವೆಲ್ (ಎಲ್1, ಎಲ್2, ಎಲ್3ರಲ್ಲಿ ಯಾವುದು), ಟೈಪ್, ಸೈಜ್ ಜೊತೆಗೆ ಶೇರ್ಡ್ ಸಿಪಿಯು ಲಿಸ್ಟ್, ಅಂದ್ರೆ ಆ ಕ್ಯಾಶ್ ಹಂಚಿಕೊಳ್ಳೋ ಥ್ರೆಡ್‌ಗಳ ಪಟ್ಟಿ, ಅನ್ನೋ ಫೈಲ್ ಇರುತ್ತೆ. 3600ರ ಎಲ್3ಗೆ ಅದರಲ್ಲಿ '0-2,6-8' ಅಥವಾ '3-5,9-11' ಸಿಗುತ್ತೆ. ಲೆವೆಲ್, ಟೈಪ್, ಈ ಲಿಸ್ಟ್ ಮೂರನ್ನೂ ಜೋಡಿಸಿ ಒಂದು ಕೀ ಮಾಡಿ, ಆ ಕೀ ಮೊದಲ ಸಲ ಕಂಡಾಗ ಮಾತ್ರ ಕೂಡಿಸಿ. 16 ಎರಡು ಸಲ, 32. ಎಲ್2 ಲಿಸ್ಟ್ '0,6' ಥರ ಜೋಡಿಯಾಗಿ ಬರೋದರಿಂದ ಅದೇ ಕೋಡ್‌ಗೆ 512 ಕೆಬಿ ಆರು ಸಲ, 3 ಎಂಬಿ. ಇಂಡೆಕ್ಸ್ 3 ಅಂದ್ರೆ ಎಲ್3 ಅಂತ ನಂಬಬೇಡಿ, ಲೆವೆಲ್ ಫೈಲ್ ಓದಿ. ಸೈಜ್ '16384ಕೆ' ಅಂತ ಬರುತ್ತೆ, ಕೊನೆಯ ಅಕ್ಷರ ಕಿತ್ತು ಹಾಕಿ. ಪ್ರಾಕ್ ಸಿಪಿಯುಇನ್ಫೋ ಫೈಲ್‌ನ ಕ್ಯಾಶ್ ಸೈಜ್ ಮುಟ್ಟಲೇಬೇಡಿ: ಈ ರೈಜನ್‌ನಲ್ಲಿ ಅದು ಒಂದು ಕೋರಿನ ಎಲ್2, ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಲ್3.

ಚಿಪ್ಪನ್ನೇ ನೇರ ವಿವರ ಕೇಳೋ ಸಿಪಿಯುಐಡಿ ಇನ್‌ಸ್ಟ್ರಕ್ಷನ್ನೇ ಬೇಕು ಅಂತ ಹಟವಿದ್ರೆ, ಇಂಟೆಲ್‌ಗೆ ಲೀಫ್ (ಪ್ರಶ್ನೆಯ ಸಂಖ್ಯೆ) 4, ಎಎಂಡಿಗೆ ಟೊಪಾಲಜಿ ಎಕ್ಸ್‌ಟೆನ್ಷನ್ ಬಿಟ್ ನೋಡಿಕೊಂಡು 8000001ಡಿ. ಗುಣಿಸಿದ್ರೆ ಕ್ಯಾಶ್ ಸೈಜ್ ಕೊಡೋ ವೇ, ಪಾರ್ಟಿಷನ್, ಲೈನ್, ಸೆಟ್ ನಾಲ್ಕೂ ಒಂದೊಂದು ಕಡಿಮೆ ಬರ್ತವೆ. 32 ಕೆಬಿಯ ಎಲ್1ಗೆ 7, 0, 63, 63 ಸಿಗುತ್ತೆ. ಒಂದೊಂದು ಸೇರಿಸದೆ ಗುಣಿಸಿದ್ರೆ ಆ ಸೊನ್ನೆ ಎಲ್ಲವನ್ನೂ ನುಂಗುತ್ತೆ. ದೊಡ್ಡ-ಚಿಕ್ಕ ಕೋರ್ ಎರಡೂ ಇರೋ ಇಂಟೆಲ್ 12600ಕೆ ಥರದ ಮಿಶ್ರ ಚಿಪ್‌ನಲ್ಲಿ ಇನ್ನೊಂದು ಕಾಟ. ಆರು ದೊಡ್ಡ ಕೋರಿಗೆ ತಲಾ 1.25 ಎಂಬಿ ಎಲ್2, ನಾಲ್ಕು ಚಿಕ್ಕವಕ್ಕೆ ಸೇರಿ 2, ಒಟ್ಟು 9.5. ಪ್ರೋಗ್ರಾಂ ಚಿಕ್ಕ ಕೋರಿನ ಮೇಲೆ ಕೂತಿದ್ದಾಗ ಕೇಳಿ ಹತ್ತರಿಂದ ಗುಣಿಸಿದ್ರೆ 20. ಅಫಿನಿಟಿ ಹಾಕಿ, ಅಂದ್ರೆ ಪ್ರೋಗ್ರಾಂ ಯಾವ ಸಿಪಿಯು ಮೇಲೆ ಕೂರಬೇಕು ಅಂತ ಕಟ್ಟಿಹಾಕಿ, ಒಂದೊಂದೇ ಸಿಪಿಯು ಮೇಲೆ ಓಡಿಸಿ.

ಮಾಡೆಲ್ ಪಟ್ಟಿ? ಹೊಸ ಚಿಪ್ ಬಂದಾಗಲೆಲ್ಲ ಸಾಲು ಸೇರಿಸೋ ಜೀತ, ಬೇಡವೇ ಬೇಡ.

ತಾಳೆ ನೋಡೋಕೆ ಲಿನಕ್ಸ್‌ನ ಎಲ್‌ಎಸ್‌ಸಿಪಿಯು ಕಮಾಂಡ್‌ಗೆ ದೊಡ್ಡ ಸಿ ಆಯ್ಕೆ (-C) ಕೊಡಿ, ಆಲ್ ಸೈಜ್ ಕಾಲಂ ನಿಮ್ಮ ಮೊತ್ತಕ್ಕೆ ಹೊಂದಬೇಕು. ವರ್ಚುವಲ್ ಮಷಿನ್‌ನಲ್ಲಿ ಪರೀಕ್ಷೆ ಮಾಡ್ಬೇಡಿ, ಅಲ್ಲಿ ಅದನ್ನು ನಡೆಸೋ ಹೈಪರ್‌ವೈಸರ್ ಹೇಳಿದ್ದೇ ಲೆಕ್ಕ. ಕೋರ್ ಆಫ್‌ಲೈನ್ ಆಗಿದ್ರೆ ಅದರ ಕ್ಯಾಶ್ ಫೋಲ್ಡರೇ ಮಾಯ. ಮೊತ್ತ ಕಡಿಮೆ ಬಂದ್ರೆ ಕೋಡ್ ತಿದ್ದೋ ಮುಂಚೆ ಆನ್‌ಲೈನ್ ಫೈಲ್ ನೋಡಿ.